ತುಮಕೂರಿನ ಬಯಲು ಏಕೆ ಕಾಡಾಗಲಿಲ್ಲ?

ಮಳೆಗಾಲದ ಆರಂಭದಲ್ಲಿ ಶಾಲೆ ಕಾಲೇಜುಗಳಲ್ಲಿ ಸಸಿ ನೆಡುವ ಸಂಭ್ರಮ ಶುರುವಾಯಿತೆಂದರೆ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: “ಆಗುಂಬೆಯಲ್ಲಿ ಅಷ್ಟೊಂದು ದಟ್ಟವಾದ ಕಾಡಿದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹೆಚ್ಚಿನ ಭಾಗ ಬಯಲು, ಕುರುಚಲು ಗಿಡ. ಎಲ್ಲರೂ ಸೇರಿ ಸಾಕಷ್ಟು ಮರ ನೆಟ್ಟರೆ ನಮ್ಮೂರೂ ಮಲೆನಾಡಾಗುವುದಿಲ್ಲವೆ?”

ಪ್ರಶ್ನೆ ಒಳ್ಳೆಯದು. ಉತ್ತರ ಮಾತ್ರ ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿ ಮುಗಿಸುವಂಥದ್ದಲ್ಲ. ಪರದೆಯ ಮೇಲೆ ಇದಕ್ಕೆ ಸಿಕ್ಕಿದ್ದು ಕೆಲವೇ ನಿಮಿಷ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಒಂದು ಸಂಗತಿ. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ತುಮಕೂರು ಜಿಲ್ಲೆಯ ವಾರ್ಷಿಕ ಸರಾಸರಿ 600ರಿಂದ 700 ಮಿ.ಮೀ. ಆಸುಪಾಸಿನಲ್ಲಿದೆ; ಕುಣಿಗಲ್ ಕಡೆ ಸ್ವಲ್ಪ ಹೆಚ್ಚು, ಪಾವಗಡದ ಕಡೆ ಕಡಿಮೆ. ಅಂದರೆ ಆಕಾಶ ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ನೀರು ಕೊಡುತ್ತದೆ. ಆದರೂ ಲಂಡನ್ನಿನ ಹುಲ್ಲು ವರ್ಷದ ಬಹುಪಾಲು ಹಸಿರಾಗಿರುತ್ತದೆ, ನಮ್ಮ ಗೋಮಾಳದ ಹುಲ್ಲು ಶಿವರಾತ್ರಿಯ ವೇಳೆಗೆ ಒಣಗಿ ಕಡ್ಡಿಯಾಗಿರುತ್ತದೆ. ಏಕೆ?

ಮಳೆ ಎಂಬುದು ಜಮಾ. ಜಮಾ ಎಷ್ಟೆಂದು ತಿಳಿದರೆ ಸಾಲದು, ಖರ್ಚು ಎಷ್ಟೆಂದೂ ತಿಳಿಯಬೇಕು. ನೆಲದಿಂದ ಆವಿಯಾಗುವ ನೀರು, ಗಿಡಗಳ ಎಲೆಗಳಿಂದ ಹೊರಹೋಗುವ ನೀರು, ಇವೆರಡೂ ಸೇರಿ ಖರ್ಚು. ಬೇಕಾದಷ್ಟು ನೀರು ಇದ್ದಿದ್ದರೆ ನಮ್ಮ ಮೈದಾನ ಸೀಮೆಯ ಬಿಸಿಲು ಮತ್ತು ಗಾಳಿ ಒಂದು ವರ್ಷದಲ್ಲಿ 1,500 ಮಿ.ಮೀ.ಗೂ ಹೆಚ್ಚು ನೀರನ್ನು ಹೀರಬಲ್ಲವು. ಅಂದರೆ ಬರುವ ಮಳೆಯ ಎರಡರಷ್ಟು! ಲಂಡನ್ನಿನ ಮಂಕು ಬಿಸಿಲಿಗೆ ಅಷ್ಟು ಶಕ್ತಿಯಿಲ್ಲ. ಅಲ್ಲಿ ಜಮಾಖರ್ಚು ಹೆಚ್ಚುಕಡಿಮೆ ಸರಿದೂಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಮಳೆ ಬೀಳುತ್ತದೆ. ನಮ್ಮಲ್ಲಿ ಮುಂಗಾರು ಪಶ್ಚಿಮ ಘಟ್ಟಗಳ ಮೇಲೆ ತನ್ನ ಹೊರೆಯ ಹೆಚ್ಚು ಭಾಗವನ್ನು ಇಳಿಸಿ, ಹಗುರವಾಗಿ ಇತ್ತ ಬರುತ್ತದೆ. ಇದನ್ನೇ ಮಳೆನೆರಳು ಎನ್ನುತ್ತಾರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಅವರು ಕಾಯುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು, ಅಂದರೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳನ್ನು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಬರಿಗೈ.

ಆದ್ದರಿಂದ ಗಿಡಮರಗಳ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ‘ಎಷ್ಟು ಮಳೆ’ ಎಂಬುದಲ್ಲ. ‘ವರ್ಷದಲ್ಲಿ ಎಷ್ಟು ತಿಂಗಳು ನನ್ನ ಬೇರಿಗೆ ನೀರು ಸಿಗುತ್ತದೆ’ ಎಂಬುದು. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಭೂಗೋಳದ ಪುಸ್ತಕದಲ್ಲಿರುವ ಬಣ್ಣ ಬಣ್ಣದ ಸಸ್ಯವರ್ಗದ ನಕ್ಷೆ ಅರ್ಥವಾಗತೊಡಗುತ್ತದೆ.

ಆ ನಕ್ಷೆಯಲ್ಲಿ ಒಂದೊಂದು ಬಣ್ಣವೂ ಒಂದೊಂದು ‘ಬಯೋಮ್’: ಒಂದೇ ಬಗೆಯ ಹವಾಗುಣ, ಅದಕ್ಕೆ ಹೊಂದಿಕೊಂಡ ಸಸ್ಯಗಳು, ಅವನ್ನು ನಂಬಿದ ಪ್ರಾಣಿಗಳು, ಎಲ್ಲವೂ ಸೇರಿದ ದೊಡ್ಡ ಸಮುದಾಯ. ಮಳೆಕಾಡು, ಸವನ್ನ, ಮರುಭೂಮಿ, ಸ್ಟೆಪ್ಪಿ ಹುಲ್ಲುಗಾವಲು, ಎಲೆ ಉದುರುವ ಕಾಡು, ಸೂಚಿಪರ್ಣಿ ಕಾಡು, ಟಂಡ್ರಾ, ಹೀಗೆ. ಇವುಗಳಿಗೂ ಹವಾಗುಣಕ್ಕೂ ಇರುವ ನಂಟು ಎಷ್ಟು ಗಟ್ಟಿಯೆಂದರೆ, 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ವ್ಲಾದಿಮಿರ್ ಕೊಪೆನ್ ಎಂಬ ವಿಜ್ಞಾನಿ ಪ್ರಪಂಚದ ಹವಾಗುಣವನ್ನು ವಿಂಗಡಿಸಲು ಹೊರಟಾಗ ಸಸ್ಯಗಳನ್ನೇ ಅಳತೆಗೋಲಾಗಿ ಹಿಡಿದ. ಎಲ್ಲಿ ಮರಗಳು ನಿಂತು ಹುಲ್ಲು ಶುರುವಾಗುತ್ತದೆಯೋ ಅಲ್ಲಿ ಹವಾಗುಣದ ಗಡಿ ಇದೆ ಎಂಬುದು ಅವನ ವಿಚಾರ. ಮಳೆಮಾಪಕ ಇಲ್ಲದ ಊರುಗಳಲ್ಲೂ ಮರ ಇದ್ದೇ ಇರುತ್ತದಲ್ಲ! ಅವನ ವಿಂಗಡಣೆಯನ್ನು ಕೆಲವು ತಿದ್ದುಪಡಿಗಳೊಂದಿಗೆ ಇಂದಿಗೂ ಪಾಠ ಮಾಡುತ್ತಾರೆ.

ಇದನ್ನು ಕಣ್ಣಾರೆ ನೋಡಲು ಪ್ರಪಂಚ ಸುತ್ತಬೇಕಿಲ್ಲ. ತುಮಕೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿ, ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತುಕೊಳ್ಳಿ. ಗುಬ್ಬಿ, ತಿಪಟೂರು, ಅರಸೀಕೆರೆ ದಾಟುವವರೆಗೆ ತೆಂಗಿನ ತೋಟಗಳ ನಡುನಡುವೆ ಜಾಲಿ, ಎಲಚಿ, ಕಳ್ಳಿ, ಬೋಳುಗುಡ್ಡ. ಬೀರೂರು ಕಳೆದು ಭದ್ರಾವತಿ, ಶಿವಮೊಗ್ಗ ಬರುವ ಹೊತ್ತಿಗೆ ಎತ್ತರದ ಮರಗಳ ಕಾಡು. ಆದರೆ ಬೇಸಗೆಯಲ್ಲಿ ಇವೂ ಎಲೆ ಉದುರಿಸುತ್ತವೆ. ಸಾಗರ ಸಮೀಪಿಸಿದಂತೆ ವರ್ಷವಿಡೀ ಹಸಿರು. ಸುಮಾರು 300 ಕಿ.ಮೀ. ದಾರಿ, ಒಂದು ಹಗಲಿನ ಪ್ರಯಾಣ. ಅಲ್ಲಿಂದ ದಕ್ಷಿಣಕ್ಕೆ, ಘಟ್ಟದ ಅಂಚಿನ ಆಗುಂಬೆಯಲ್ಲಿ ಮಳೆ 7,000 ಮಿ.ಮೀ. ಮೀರುತ್ತದೆ. ಅಷ್ಟು ಮಳೆಯನ್ನು ನೆಟ್ಟು ಬೆಳೆಸುವ ವಿದ್ಯೆ ಯಾರಿಗೂ ತಿಳಿದಿಲ್ಲ.

ಮಣ್ಣೆಂಬ ಹಗೇವು

ಇಷ್ಟೇ ಆಗಿದ್ದರೆ ಹವಾಗುಣ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ಹೇಳಿಬಿಡಬಹುದಿತ್ತು. ಆದರೆ ಒಂದೇ ಮಳೆ ಬೀಳುವ ಎರಡು ಹೊಲಗಳಲ್ಲಿ ಒಂದು ಹಸಿರಾಗಿ, ಇನ್ನೊಂದು ಒಣಗಿ ನಿಂತಿರುವುದನ್ನು ನೀವು ನೋಡಿಲ್ಲವೆ? ಇಲ್ಲಿ ಮಣ್ಣಿನ ಪಾತ್ರ ಬರುತ್ತದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹಗೇವು ಎಂದಿರುತ್ತಿತ್ತು. ಸುಗ್ಗಿಯಲ್ಲಿ ಬಂದ ರಾಗಿಯನ್ನು ನೆಲದೊಳಗಿನ ಗುಂಡಿಯಲ್ಲಿ ತುಂಬಿ ಮುಚ್ಚಿಟ್ಟು, ಬೇಕಾದಾಗ ತೆಗೆದು ಬಳಸುವ ವ್ಯವಸ್ಥೆ. ಹಗೇವು ದೊಡ್ಡದಾಗಿದ್ದ ಮನೆ ಬರಗಾಲವನ್ನು ದಾಟುತ್ತಿತ್ತು. ಮಣ್ಣು ಗಿಡದ ಪಾಲಿಗೆ ಇಂಥ ಹಗೇವು. ಸುರಿದ ಮಳೆಯಲ್ಲಿ ಎಷ್ಟನ್ನು ಹಿಡಿದಿಡುತ್ತದೆ, ಎಷ್ಟು ದಿನ ಕೊಡುತ್ತದೆ ಎಂಬುದರ ಮೇಲೆ ಗಿಡದ ಬದುಕು ನಿಂತಿದೆ. ಒಂದು ಮೀಟರ್ ಆಳದ ಮರಳು ಮಿಶ್ರಿತ ಕಲ್ಲುಮಣ್ಣು ಹಿಡಿದಿಡುವ ನೀರಿಗಿಂತ ಅಷ್ಟೇ ಆಳದ ಗೋಡುಮಣ್ಣು ಹಿಡಿದಿಡುವ ನೀರು ಎರಡು ಪಟ್ಟಿಗೂ ಹೆಚ್ಚಿರಬಹುದು.

ನಾವು ಚಿತ್ರೀಕರಣಕ್ಕೆಂದು ಆರಿಸಿಕೊಂಡದ್ದು ದೇವರಾಯನದುರ್ಗವನ್ನು. ತುಮಕೂರಿಗೆ ಹತ್ತಿರ, ಸುಮಾರು 1,200 ಮೀಟರ್ ಎತ್ತರ. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ, ಶಿಂಷಾ ದಕ್ಷಿಣದ ದಾರಿ ಹಿಡಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ನೆತ್ತಿಯಿಂದ ಶಿಂಷಾ ನದಿಯ ಜಾಡಿನಲ್ಲಿ ಇಳಿದು ನೋಡೋಣ.

ನೆತ್ತಿಯಲ್ಲಿ ಬರಿ ಬಂಡೆ. ಮಳೆ ಬಿದ್ದ ಗಳಿಗೆಯಲ್ಲೇ ಹರಿದುಹೋಗುತ್ತದೆ. ಬಂಡೆಯ ಸಂದಿನಲ್ಲಿ ಹಿಡಿಯಷ್ಟು ಮಣ್ಣು ಸಿಕ್ಕಿದ ಕಡೆ ಕಳ್ಳಿ, ಒರಟು ಹುಲ್ಲು. ಸ್ವಲ್ಪ ಕೆಳಗೆ ಇಳಿಜಾರಿನಲ್ಲಿ ಗರಸು ಬೆರೆತ ತೆಳುವಾದ ಕೆಂಪುಮಣ್ಣು. ಅಲ್ಲಿ ಬಂದರೆ ಗಿಡ, ಕಗ್ಗಲಿ, ತುಗ್ಗಲಿ. ಇನ್ನೂ ಕೆಳಗೆ, ಮಣ್ಣು ಆಳವಾದ ಕಣಿವೆಗಳಲ್ಲಿ ದಿಂಡಿಗ, ಮತ್ತಿ, ಕಕ್ಕೆ, ಮುತ್ತುಗ. ನಾಮದ ಚಿಲುಮೆಯ ಸುತ್ತಮುತ್ತ ನಡು ಬೇಸಗೆಯಲ್ಲೂ ನೆರಳಿದೆ. ಬಂಡೆಯ ಮೇಲೆ ಬಿದ್ದು ಹರಿದ ನೀರೆಲ್ಲ ಬಂದು ಇಂಗುವುದು ಇಂಥ ತಗ್ಗುಗಳಲ್ಲೇ. ಹೀಗಾಗಿ ತಗ್ಗಿನ ಮರಕ್ಕೆ ಸಿಗುವುದು ತನ್ನ ತಲೆಯ ಮೇಲೆ ಬಿದ್ದ ಮಳೆ ಮಾತ್ರವಲ್ಲ, ಬೆಟ್ಟದ ಪಾಲೂ ಹೌದು.

ಮುಂದೆ ಗುಬ್ಬಿ ತಾಲ್ಲೂಕಿನ ಬಯಲು. ಇಲ್ಲಿಯ ಕೆಂಪುಮಣ್ಣು ಹುಟ್ಟಿದ್ದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆಯಿಂದ. ಶಿಲೆ ಪುಡಿಯಾಗುತ್ತ ಬಂದಂತೆ ಅದರಲ್ಲಿದ್ದ ಕಬ್ಬಿಣ ಗಾಳಿ ನೀರಿನ ಸಂಪರ್ಕದಿಂದ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿತು. ಸುಣ್ಣ, ಪೊಟ್ಯಾಷ್ ಮೊದಲಾದ ಕರಗುವ ಸತ್ವಗಳಲ್ಲಿ ಬಹುಪಾಲು ಕಾಲಾಂತರದಲ್ಲಿ ಕೊಚ್ಚಿಹೋದವು. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ನದಿ ಕಡಬದ ಕೆರೆಗೆ ಬರುವಷ್ಟರಲ್ಲಿ ಕತೆಯೇ ಬೇರೆ: ಮೇಲಿನಿಂದ ಕೊಚ್ಚಿ ಬಂದ ನುಣುಪಾದ ಮಣ್ಣೆಲ್ಲ ಕೆರೆಯಂಗಳದಲ್ಲಿ ಕಪ್ಪಗೆ, ಜಿಗುಟಾಗಿ ಕೂತಿದೆ. ಕುಣಿಗಲ್ ತಾಲ್ಲೂಕಿನಲ್ಲಿ ಇದೇ ಶಿಂಷಾ ನದಿಗೆ ಮಾರ್ಕೋನಹಳ್ಳಿ ಅಣೆಕಟ್ಟು ಕಟ್ಟಿದ್ದಾರೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಯವಾದ ಕುಣಿಗಲ್ ಕೆರೆಯೂ ಆ ತಾಲ್ಲೂಕಿನದೇ. ಬೇಸಗೆಯಲ್ಲಿ ಕೆರೆ ಒಣಗಿದಾಗ ರೈತರು ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಬೆಟ್ಟ ಕಳೆದುಕೊಂಡದ್ದನ್ನು ಹೊಲಕ್ಕೆ ವಾಪಸು ತರುವ ಕೆಲಸ ಅದು. ಗೊಬ್ಬರದ ಜೊತೆಗೆ ಹಗೇವನ್ನೂ ಹಿಗ್ಗಿಸಿದಂತಾಯಿತು.

ಗಮನಿಸಿ: ಬೆಟ್ಟ, ಬಯಲು, ಕೆರೆಯಂಗಳ ಮೂರಕ್ಕೂ ಬಿದ್ದ ಮಳೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮೂರು ಮಣ್ಣು, ಮೂರು ಬಗೆಯ ಹಸಿರು.

ಮಣ್ಣೂ ಹವಾಗುಣದ ಕೂಸೇ

ಹಾಗಾದರೆ ಮಣ್ಣು ಹವಾಗುಣದಿಂದ ಸ್ವತಂತ್ರವೇ? ಅಲ್ಲ. 1883ರಲ್ಲಿ ರಷ್ಯದ ವಾಸಿಲಿ ದೊಕುಚಾಯೆವ್ ತನ್ನ ದೇಶದ ಕಪ್ಪುಮಣ್ಣನ್ನು ಕುರಿತ ಗ್ರಂಥ ಪ್ರಕಟಿಸಿದ. ಮಣ್ಣು ಬರಿಯ ಪುಡಿಗಲ್ಲು ಎಂದು ತಿಳಿದಿದ್ದ ಕಾಲ ಅದು. ಅವನು ಹೇಳಿದ್ದು ಬೇರೆ: ಕೆಳಗಿನ ಶಿಲೆ, ಮೇಲಿನ ಹವಾಗುಣ, ಸಸ್ಯ ಪ್ರಾಣಿಗಳು, ನೆಲದ ಏರಿಳಿತ, ಕಾಲ, ಇಷ್ಟೂ ಸೇರಿ ಮಣ್ಣನ್ನು ಮಾಡುತ್ತವೆ.

ಅವನು ಅಧ್ಯಯನ ಮಾಡಿದ ಚೆರ್ನೋಜೆಮ್ ಎಂಬ ಆ ಕಪ್ಪುಮಣ್ಣಿನ ಉದಾಹರಣೆಯನ್ನೇ ನೋಡಿ. ಉಕ್ರೇನ್ ಮತ್ತು ದಕ್ಷಿಣ ರಷ್ಯದ ಸ್ಟೆಪ್ಪಿ ಬಯಲಿನಲ್ಲಿ ಬೀಳುವ ಮಳೆ 400ರಿಂದ 600 ಮಿ.ಮೀ., ಅಂದರೆ ನಮಗಿಂತಲೂ ಕಡಿಮೆ. ಆದರೂ ಅಲ್ಲಿ ಕೆಲವು ಕಡೆ ಒಂದು ಮೀಟರ್ ಆಳದವರೆಗೆ ಕಪ್ಪಗೆ ಕೊಳೆತ ಸಾವಯವ ಅಂಶ ತುಂಬಿಕೊಂಡಿದೆ. ಪ್ರಪಂಚದ ಗೋಧಿಯ ಕಣಜಗಳಲ್ಲಿ ಅದೂ ಒಂದು. ಕಾರಣ ಸರಳ. ಹುಲ್ಲಿನ ಬೇರುಗಳು ಪ್ರತಿವರ್ಷ ನೆಲದೊಳಗೇ ಸಾಯುತ್ತವೆ; ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ತಿಂಗಳುಗಟ್ಟಲೆ ರಜೆ. ಉಳಿದದ್ದು ಸಾವಿರಾರು ವರ್ಷ ಕೂಡುತ್ತ ಬಂದಿದೆ. ನಮ್ಮಲ್ಲಿ ಆ ರಜೆ ಇಲ್ಲ. ನೆಲ ವರ್ಷವಿಡೀ ಬೆಚ್ಚಗಿರುತ್ತದೆ. ಬಿದ್ದ ಎಲೆಯನ್ನು ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಗಳು ಒಂದೆರಡು ಮಳೆಯೊಳಗೆ ಮುಗಿಸಿಬಿಡುತ್ತವೆ. ನಮ್ಮ ಕೆಂಪುಮಣ್ಣು ಬಡವಾಗಿರುವುದರಲ್ಲಿ ರೈತರ ತಪ್ಪೇನೂ ದೊಡ್ಡದಿಲ್ಲ.

ಮಳೆಕಾಡಿನಲ್ಲಿ ಇದು ಇನ್ನೂ ವಿಚಿತ್ರ. ಅಮೆಜಾನಿನ ದಟ್ಟ ಹಸಿರನ್ನು ನೋಡಿ ಅಲ್ಲಿಯ ಮಣ್ಣು ಬಹಳ ಫಲವತ್ತಾದುದೆಂದು ಭಾವಿಸಿ ಕಾಡು ಕಡಿದು ಬೇಸಾಯಕ್ಕೆ ಇಳಿದವರು ಕೆಲವೇ ವರ್ಷಗಳಲ್ಲಿ ಕೈಸುಟ್ಟುಕೊಂಡರು. ಅಲ್ಲಿ ಬಹಳ ಕಡೆ ಸತ್ವ ಇರುವುದು ಮಣ್ಣಿನಲ್ಲಲ್ಲ, ಮರಗಳ ಮೈಯಲ್ಲಿ. ಉದುರಿದ ಎಲೆ ಕೊಳೆತ ಕೂಡಲೇ ಬೇರುಗಳು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಕಾಡು ಕಡಿದರೆ ಉಳಿದ ಸತ್ವವನ್ನು ಮಳೆ ತೊಳೆದುಬಿಡುತ್ತದೆ. ಇನ್ನು ಸೈಬೀರಿಯದ ಟಂಡ್ರಾದಲ್ಲಿ ಬಹಳ ಕಡೆ 250 ಮಿ.ಮೀ. ಮಳೆಯೂ ಇಲ್ಲ, ಲೆಕ್ಕದಲ್ಲಿ ಅದು ಮರುಭೂಮಿ ಆಗಬೇಕಿತ್ತು. ಆದರೆ ಅಡಿಯ ನೆಲ ಸದಾ ಹೆಪ್ಪುಗಟ್ಟಿರುವುದರಿಂದ ನೀರು ಇಂಗುವಂತಿಲ್ಲ, ಚಳಿಯಿಂದಾಗಿ ಬೇಗ ಆರುವಂತಿಲ್ಲ. ಬೇಸಗೆಯಲ್ಲಿ ಎಲ್ಲಿ ಕಾಲಿಟ್ಟರೂ ಕೆಸರು! ಪಾವಗಡದಲ್ಲಿ ಅದರ ಎರಡರಷ್ಟು ಮಳೆ ಬಿದ್ದರೂ ಧೂಳು ಏಳುತ್ತದೆ.

ನಮ್ಮ ಬಯಲಿನ ಹೆಸರೇನು?

ಈಗ ಮೊದಲ ಪ್ರಶ್ನೆಗೆ ಬರೋಣ. ತುಮಕೂರು ಸೀಮೆಯ ಬಯಲು ಯಾವ ಬಯೋಮಿಗೆ ಸೇರಿದ್ದು? ಹಳೆಯ ಅರಣ್ಯ ಪುಸ್ತಕಗಳು ಇದನ್ನು ಒಣ ಎಲೆ ಉದುರುವ ಕಾಡು, ಮುಳ್ಳುಕಾಡು ಎಂದು ಕರೆದು, ಮರ ಕಡಿಮೆ ಇರುವ ಕಡೆಯನ್ನೆಲ್ಲ ‘ಹಾಳಾದ ಕಾಡು’ ಎಂದು ಬರೆದವು. ಹಾಳಾದದ್ದೂ ಉಂಟು, ಸುಳ್ಳಲ್ಲ. ಸೌದೆಗೆ, ಇದ್ದಿಲಿಗೆ, ಮನೆ ಕಟ್ಟುವುದಕ್ಕೆ ಶತಮಾನಗಳ ಕಾಲ ನಮ್ಮ ಬೆಟ್ಟಗಳನ್ನು ಬೋಳಿಸಿದ್ದೇವೆ. ಆದರೆ ಎಲ್ಲ ಬಯಲೂ ಹಾಗೆ ಆದದ್ದೇ?

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಶೋಧಕರಾಗಿರುವ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆಫ್ರಿಕದ 854 ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದೇನೆಂದರೆ, ವಾರ್ಷಿಕ ಮಳೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಇರುವಲ್ಲಿ ಮರಗಳು ಎಷ್ಟು ದಟ್ಟವಾಗಬಹುದು ಎಂಬುದಕ್ಕೆ ಮಳೆಯೇ ಮಿತಿ ಹಾಕುತ್ತದೆ. ಅಲ್ಲಿ ಹುಲ್ಲೂ ಮರವೂ ಕೂಡಿ ಬಾಳುವುದು ಸಹಜ. ಅದಕ್ಕಿಂತ ಮಳೆ ಹೆಚ್ಚಿದ್ದರೆ ಮರಗಳು ಒಂದಕ್ಕೊಂದು ಕೂಡಿಕೊಂಡು ಕಾಡಾಗಬಲ್ಲವು. ಆಗದಂತೆ ತಡೆಯುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ಆಫ್ರಿಕದ ಅಂಕಿಯನ್ನು ಹಾಗೆಯೇ ತಂದು ಇಲ್ಲಿಗೆ ಅಂಟಿಸಬಾರದು, ನಿಜ. ಆದರೆ 600ರಿಂದ 700 ಮಿ.ಮೀ. ಮಳೆಯ ನಮ್ಮ ಜಿಲ್ಲೆ ಆ ಗೆರೆಯ ಮೇಲೆಯೇ ಕೂತಿದೆ ಎಂಬುದು ಕುತೂಹಲದ ಸಂಗತಿ. 2011ರಲ್ಲಿ ಜಯಶ್ರೀ ರತ್ನಂ, ಶಂಕರನ್ ಮತ್ತಿತರರು ಇನ್ನೊಂದು ಪ್ರಬಂಧದಲ್ಲಿ, ಏಷ್ಯದಲ್ಲಿ ‘ಒಣಕಾಡು’ ಎಂದು ಕರೆಯುತ್ತಿರುವ ಅನೇಕ ಪ್ರದೇಶಗಳು ನಿಜಕ್ಕೂ ಸವನ್ನಗಳೆಂದು ವಾದಿಸಿದರು.

ಸವನ್ನ ಎಂದರೆ ಸಿಂಹ, ಜಿರಾಫೆ ಎಂದು ನೀವು ಯೋಚಿಸುತ್ತಿರಬಹುದು. ನಿಮ್ಮ ಊಟದ ತಟ್ಟೆಯನ್ನೇ ನೋಡಿ. ರಾಗಿ ಹುಲ್ಲಿನ ಜಾತಿಯ ಬೆಳೆ. ಪೂರ್ವ ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಯಿತು. ಸುಡುಬಿಸಿಲಿನಲ್ಲಿ ನೀರನ್ನು ಹೆಚ್ಚು ಕಳೆಯದೆ ಇಂಗಾಲವನ್ನು ಹಿಡಿಯುವ ‘ಸಿ-4’ ಎಂಬ ವಿಶೇಷ ದ್ಯುತಿಸಂಶ್ಲೇಷಣೆ ರಾಗಿಗಿದೆ. ಸವನ್ನದ ಹುಲ್ಲುಗಳ ವಿದ್ಯೆಯೂ ಇದೇ. ಗುಬ್ಬಿ, ಕುಣಿಗಲ್ ಹೊಲಗಳಲ್ಲಿ ರಾಗಿ ಒಗ್ಗಿದ್ದು ಆಕಸ್ಮಿಕವಲ್ಲ.

ನಮ್ಮ ಹಿರಿಯರಿಗೆ ಈ ಬಯೋಮ್ ಗೊತ್ತಿತ್ತು. ಅವರು ಅದನ್ನು ‘ಕಾವಲು’ ಎಂದರು. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳಿಗೆಂದು ಲಕ್ಷಾಂತರ ಎಕರೆ ಕಾವಲುಗಳಿದ್ದವು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದವು. ಮಳೆ ಹೋದ ಕಡೆಯಿಂದ ಮಳೆ ಇದ್ದ ಕಡೆಗೆ ದನಗಳನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಕನ್ನಡ ವ್ಯಾಕರಣ ಓದುವವರು ನೆನಪಿಸಿಕೊಳ್ಳಿ: ಹುಲ್ಲು, ಕಾವಲು ಸೇರಿ ಆದೇಶ ಸಂಧಿಯಲ್ಲಿ ‘ಹುಲ್ಲುಗಾವಲು’ ಆಗಿದೆ. ಕಾಯಬೇಕಾದ ಹುಲ್ಲು! ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದೆಂದು ಹೇಳುತ್ತಾರೆ. ಕುದುರೆ ಸಾಕುವುದಕ್ಕೂ ಮೊದಲು ಬೇಕಾದದ್ದು ಮೇಯುವ ಬಯಲೇ.

ಆಮೇಲೆ ದಾಖಲೆಗಳಲ್ಲಿ ಕಾವಲಿನ ಹೆಸರು ‘ಬೀಳು’, ‘ಪಾಳುಭೂಮಿ’ ಎಂದಾಯಿತು. ಇನ್ನೊಬ್ಬರನ್ನು ದೂರುವುದೇಕೆ, ಹಿಂದೊಮ್ಮೆ ನಾನೇ ಒಂದು ಚಿತ್ರದ ನಿರೂಪಣೆಯಲ್ಲಿ ಇಂಥ ಬಯಲನ್ನು ತೋರಿಸಿ ‘ಪಾಳುಬಿದ್ದ ನೆಲ’ ಎಂದು ಬರೆದಿದ್ದೆ. ಕ್ಯಾಮೆರಾಕ್ಕೆ ಹಸಿರು ಬೇಕು. ಹಸಿರಿಲ್ಲದ್ದು ನಮ್ಮ ಕಣ್ಣಿಗೆ ಖಾಲಿ ಎಂದೇ ಕಾಣುತ್ತದೆ. ಖಾಲಿ ಎಂದು ಕಂಡ ಜಾಗಕ್ಕೆ ಏನನ್ನಾದರೂ ತರುವುದು ಸುಲಭ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಇರುವ ಜಾಗದ ಹೆಸರು ಬಿದರೆಹಳ್ಳ ಕಾವಲು. ಕಾರ್ಖಾನೆ ಬೇಡವೆಂದು ನಾನು ಹೇಳುತ್ತಿಲ್ಲ. ಊರಿನ ಹುಡುಗರಿಗೆ ಕೆಲಸ ಬೇಕು. ಆದರೆ ಆ ಹೆಸರು ಏನನ್ನು ನೆನಪಿಸುತ್ತದೆ ಎಂಬುದು ತಿಳಿದಿರಲಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 320 ಹೆಕ್ಟೇರ್ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗದ ರಕ್ಷಣೆಯ ಉಪಾಯ ಎರಡೇ: ದೂರದಿಂದಲೇ ಶತ್ರುವನ್ನು ಕಾಣುವುದು, ಕಂಡೊಡನೆ ಓಡುವುದು. ಎರಡಕ್ಕೂ ತೆರೆದ ಬಯಲು ಬೇಕು. ಅಲ್ಲಿ ಒತ್ತೊತ್ತಾಗಿ ಮರ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ, ಕೃಷ್ಣಮೃಗ ಹೊರಟುಹೋಗುತ್ತದೆ. ಇಂಥ ಕಡೆ ಸಸಿ ನೆಡುವುದು ಒಂದು ಬಯೋಮನ್ನು ಅಳಿಸಿದಂತೆ.

ಮರ ನೆಡಲೇಬಾರದೆ ಎಂದು ನೀವು ಕೇಳಬಹುದು. ಹಾಗಲ್ಲ. ಕೆರೆ ಏರಿಯ ಹಿಂದೆ, ರಸ್ತೆಯ ಬದಿಗೆ, ಊರ ಗುಂಡುತೋಪಿನಲ್ಲಿ ಹೊಂಗೆ, ಬೇವು, ಹುಣಸೆ, ಇಪ್ಪೆ ಚೆನ್ನಾಗಿ ಬರುತ್ತವೆ. ದೇವರಾಯನದುರ್ಗದ ಕಣಿವೆಗಳಂಥ ಕಡೆ ಕಾಡು ಇತ್ತು, ಅದು ಮತ್ತೆ ಬೆಳೆಯಲು ಬಿಡಬೇಕು. ಆದರೆ 1980ರ ದಶಕದಲ್ಲಿ ನಮ್ಮ ಒಣಸೀಮೆಯ ಹೊಲ ಗೋಮಾಳಗಳಲ್ಲಿ ನೀಲಗಿರಿ ತೋಪುಗಳು ಎದ್ದವಲ್ಲ, ಅಲ್ಲಿ ಮಣ್ಣಿನ ಹಗೇವು ಎಷ್ಟಿದೆ ಎಂದು ಯಾರೂ ನೋಡಿರಲಿಲ್ಲ. ಕಡೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು.

ಗುಬ್ಬಿಯ ತೆಂಗು ಅಡಿಕೆ ತೋಟಗಳ ಮಾತೇನು, ಅವು ಹಸಿರಾಗಿಯೇ ಇವೆಯಲ್ಲ? ಹೌದು, ಆದರೆ ಅವು ಗುಬ್ಬಿಯ ಮಳೆಯಿಂದ ಬೆಳೆದವಲ್ಲ. ತೆಂಗಿಗೆ ವರ್ಷವಿಡೀ ಬೇರಿನ ಬಳಿ ನೀರು ಬೇಕು. ಹಿಂದೆ ತೋಟಗಳು ಕೆರೆಯ ಕೆಳಗಿನ ತೇವದ ಮಣ್ಣಿನಲ್ಲಿ ಮಾತ್ರ ಇರುತ್ತಿದ್ದವು. ಆಮೇಲೆ ಹಾಸನ ಜಿಲ್ಲೆಯ ಗೊರೂರಿನಿಂದ ಹೇಮಾವತಿ ನಾಲೆ ಬಂತು, ಕೊಳವೆಬಾವಿ ಬಂತು. ತೋಟ ಕೆರೆಯನ್ನು ಬಿಟ್ಟು ಕೆಂಪುಮಣ್ಣಿನ ದಿಣ್ಣೆ ಹತ್ತಿತು. ಹೇಮಾವತಿ ಹುಟ್ಟುವುದು ಘಟ್ಟದಲ್ಲಿ. ಹೀಗೆ ಮಲೆನಾಡಿನ ಮಳೆಯನ್ನೇ ನಾಲೆಯಲ್ಲಿ ತಂದು, ಅದು ಸಾಲದೆ ನೆಲದಾಳದ ಹಳೆಯ ಉಳಿತಾಯವನ್ನೂ ಮೇಲೆತ್ತಿ ಈ ಹಸಿರನ್ನು ಸಾಕುತ್ತಿದ್ದೇವೆ. 2012ರಿಂದ ಒಂದರ ಹಿಂದೆ ಒಂದು ಬಂದ ಬರಗಾಲದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ ಜಿಲ್ಲೆಯಲ್ಲಿ ಅದೆಷ್ಟೋ ತೆಂಗಿನ ಮರಗಳ ಸುಳಿ ಒಣಗಿ ಬಿದ್ದವು. ಮೂವತ್ತು ನಲವತ್ತು ವರ್ಷ ಸಾಕಿದ ಮರ ಬೀಳುವುದನ್ನು ನೋಡಿದ ಮನೆಗಳಿಂದ ಬಂದವರು ನಿಮ್ಮ ತರಗತಿಯಲ್ಲೇ ಇರಬಹುದು. ಅದೇ ವರ್ಷಗಳಲ್ಲಿ ಹೊಲದ ಬದುವಿನ ಹುಣಸೆ, ಬೇವು ನಿಂತೇ ಇದ್ದವು.

ನೀವೇ ಮಾಡಿ ನೋಡಿ: ಮೂರು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಒಂದಕ್ಕೆ ಗುಡ್ಡದ ಗರಸು ಮಣ್ಣು, ಒಂದಕ್ಕೆ ಹೊಲದ ಕೆಂಪುಮಣ್ಣು, ಒಂದಕ್ಕೆ ಕೆರೆಗೋಡು, ಮೂರನ್ನೂ ಚೆನ್ನಾಗಿ ಒಣಗಿಸಿ ಪುಡಿಮಾಡಿ ಒಂದೇ ಅಳತೆಯಲ್ಲಿ ತುಂಬಿ. ಪ್ರತಿಯೊಂದಕ್ಕೂ ಒಂದೊಂದು ಲೋಟ ನೀರನ್ನು ನಿಧಾನವಾಗಿ ಹಾಕಿ, ಕೆಳಗೆ ಸೋರಿದ್ದನ್ನು ಅಳೆಯಿರಿ. ಹಾಕಿದ್ದರಲ್ಲಿ ಸೋರಿದ್ದನ್ನು ಕಳೆದರೆ ಸಿಗುವುದೇ ಆ ಮಣ್ಣು ಹಿಡಿದಿಟ್ಟ ನೀರು. ನಂತರ ಮೂರನ್ನೂ ಬಿಸಿಲಿಗಿಟ್ಟು ದಿನವೂ ತೂಗಿ, ಯಾವ ಮಣ್ಣು ಎಷ್ಟನೆಯ ದಿನಕ್ಕೆ ಆರಿತು ಎಂದು ಬರೆದಿಡಿ. ಬರೆದದ್ದರ ಜೊತೆಗೆ, ಆ ಮಣ್ಣನ್ನು ತಂದ ಜಾಗದಲ್ಲಿ ತಾನಾಗಿ ಬೆಳೆದಿದ್ದ ಗಿಡ ಯಾವುದೆಂಬುದನ್ನೂ ಸೇರಿಸಿ ನಮಗೆ ಕಳುಹಿಸಿ.